‘ಆದದ್ದಾಯ್ತು, ಬಿಡಿ’ ಅಂದರೆ ನ್ಯಾಯ ಮುಗಿಯಿತೇ?



ಇದನ್ನು ಓದಿ ನಮ್ಮ ಹಿರಿಯರಲ್ಲಿ ಕೆಲವರಿಗೆ ಬೇಸರವಾಗಬಹುದು. ಆಗಲಿ. ಯಾರಿಗೋ ಬೇಸರವಾಗುತ್ತದೆಂದು ಬಾಯಿ ಮುಚ್ಚಿ ಕೂತದ್ದೇ ನಮ್ಮ ತಪ್ಪು. ಆ ತಪ್ಪನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಕಳೆದ ಚಳಿಗಾಲದ ಒಂದು ಆದಿತ್ಯವಾರ. ಬರ್ಮಿಂಗ್‌ಹ್ಯಾಮ್‌ನ ಸ್ಪಾರ್ಕ್‌ಹಿಲ್‌ನಲ್ಲಿ ಇಶಾ ನಮಾಝ್ ಮುಗಿಸಿ, ನಮ್ಮವರೊಬ್ಬರ ಮನೆಯ ಮುಂದಿನ ಕೋಣೆಯಲ್ಲಿ ನಾವು ಎಂಟು ಮಂದಿ ಕೂತಿದ್ದೆವು. ವಿಷಯ ಎಂತದ್ದೆಂದರೆ, ಬಂಟ್ವಾಳ ಕಡೆಯ ಒಬ್ಬ ಹುಡುಗ ಕೇರ್ ವರ್ಕರ್ ವೀಸಾಕ್ಕೆ ನಮ್ಮದೇ ಊರಿನ ಕಡೆಯ ಒಬ್ಬ ಮಧ್ಯವರ್ತಿಗೆ 12 ಲಕ್ಷ ರೂಪಾಯಿ ಕೊಟ್ಟಿದ್ದ. ಇಲ್ಲಿ ಬಂದು ನೋಡಿದರೆ ವಾರಕ್ಕೆ ಎರಡು ದಿನದ ಕೆಲಸವೂ ಇಲ್ಲ. ಆಮೇಲೆ ಕಂಪನಿಯ ಸ್ಪಾನ್ಸರ್ ಲೈಸೆನ್ಸೇ ರದ್ದಾಯಿತು. 60 ದಿನದೊಳಗೆ ಬೇರೆ ಸ್ಪಾನ್ಸರ್ ಹುಡುಕಬೇಕು, ಇಲ್ಲವಾದರೆ ಊರಿಗೆ ಹೋಗಬೇಕು. ಸ್ಪಾನ್ಸರ್‌ಶಿಪ್ ಪತ್ರ, ನಮ್ಮವರು ‘ಸಿಒಎಸ್’ ಅನ್ನುವುದು, ಅದಕ್ಕೆ ಮಾಲೀಕ ಸರ್ಕಾರಕ್ಕೆ ಕಟ್ಟುವ ಶುಲ್ಕ ಆಗ 239 ಪೌಂಡ್. ಅಂದರೆ ಸುಮಾರು 25 ಸಾವಿರ ರೂಪಾಯಿ. 2025ರ ಏಪ್ರಿಲ್‌ನಲ್ಲಿ ಅದು 525 ಪೌಂಡ್ ಆಯಿತು. 25 ಸಾವಿರದ ಕಾಗದಕ್ಕೆ 12 ಲಕ್ಷ! ಉಳಿದದ್ದು ಯಾರ ಹೊಟ್ಟೆಗೆ ಹೋಯಿತು ಎಂದು ಕೇಳಲು ಬಿಕಾಂ ಓದಬೇಕಾಗಿಲ್ಲ.

ಆ ರಾತ್ರಿ ‘ಮಸ್ಲಹತ್’ ಆಯಿತು. ಮಧ್ಯವರ್ತಿಯೂ ಬಂದಿದ್ದರು. ಹಿರಿಯರು ಮಾತಾಡಿದರು. ಮಧ್ಯವರ್ತಿ ಮಾತಾಡಿದರು. ‘ಕಂಪನಿ ಹೀಗೆ ಮಾಡುತ್ತದೆಂದು ನನಗೆ ಕನಸು ಬಿದ್ದಿತ್ತಾ?’ ಅಂದರು. ಕೊನೆಗೆ 5 ಲಕ್ಷ ವಾಪಸ್, ತಿಂಗಳಿಗೆ 50 ಸಾವಿರದಂತೆ ಹತ್ತು ಕಂತು ಎಂದು ತೀರ್ಮಾನ. ಹುಡುಗನ ಹತ್ತಿರ, ‘ಏನು ಮೋನು, ಒಪ್ಪಿಗೆಯಾ?’ ಎಂದು ಕೇಳಿದರು. ಅವನು ‘ಹೂಂ’ ಅಂದ. ಅಷ್ಟೇ. ಎರಡು ಗಂಟೆಯ ಸಭೆಯಲ್ಲಿ ಅವನು ಆಡಿದ್ದು ಆ ಒಂದು ‘ಹೂಂ’. ಇಬ್ಬರ ಕೈ ಹಿಡಿದು ಸಲಾಂ ಹೇಳಿಸಿದರು. ‘ಆದದ್ದಾಯ್ತು, ಬಿಡಿ. ಇನ್ನು ಮನಸ್ಸಲ್ಲಿ ಇಟ್ಟುಕೊಳ್ಳಬೇಡಿ.’ ಚಾ ಬಂತು, ಸಮೋಸ ಬಂತು. ಕಂತಿನ ಪಟ್ಟಿ ಬರೆದುಕೊಟ್ಟದ್ದು ನಾವೇ, ಲೆಕ್ಕ ಬರೆಯುವವರು ಅಲ್ಲವೇ!

ಎರಡು ಕಂತು ಬಂತು. ಮೂರನೆಯದು ಬರಲಿಲ್ಲ. ಹುಡುಗ ನಮ್ಮ ಯಾವ ಕಾರ್ಯಕ್ರಮಕ್ಕೂ ಬರುವುದನ್ನು ಬಿಟ್ಟ, ಪೆರ್ನಾಳಿಗೂ ಬರಲಿಲ್ಲ. ಅದಾಗಿ ಸ್ವಲ್ಪ ಸಮಯಕ್ಕೆ, ಅದೇ ಮಧ್ಯವರ್ತಿಗೆ ದುಡ್ಡು ಕೊಟ್ಟ ಇನ್ನೊಬ್ಬರ ಫೋನ್ ಲೀಡ್ಸ್‌ನಿಂದ ಬಂತು. ನಾವು ‘ಮುಗಿಯಿತು’ ಅಂದುಕೊಂಡ ಕೇಸಿನಲ್ಲಿ ಏನೂ ಮುಗಿದಿರಲಿಲ್ಲ.

ನಮ್ಮ ವಾದ ಇದು: ನಾವು ಮಾಡುತ್ತಿರುವುದು ರಾಜಿಯಲ್ಲ, ಬಾಯಿ ಮುಚ್ಚಿಸುವುದು. ಅದಕ್ಕೆ ‘ಸುಲ್ಹ್’ ಎಂಬ ದೊಡ್ಡ ಹೆಸರು ಇಟ್ಟಿದ್ದೇವೆ.

ಲೆಕ್ಕಪತ್ರದಲ್ಲಿ ‘ರೀಕನ್ಸಿಲಿಯೇಷನ್’ ಎಂದು ಒಂದು ಕೆಲಸ ಉಂಟು. ಬ್ಯಾಂಕಿನ ಪುಸ್ತಕ ಒಂದು ಕಡೆ, ನಮ್ಮ ಪುಸ್ತಕ ಒಂದು ಕಡೆ ಇಟ್ಟು ಸಾಲು ಸಾಲಾಗಿ ತಾಳೆ ನೋಡುವುದು. ವ್ಯತ್ಯಾಸ ಎಲ್ಲಿ ಬಂತು, ಏಕೆ ಬಂತು ಎಂದು ಗೊತ್ತಾದ ಮೇಲೆಯೇ ಸಹಿ. ವ್ಯತ್ಯಾಸ ಸಿಗದಿದ್ದರೆ ಕೆಲವರು ‘ಸಸ್ಪೆನ್ಸ್ ಅಕೌಂಟ್’ ಎಂದು ಒಂದು ಖಾತೆ ತೆರೆದು ಅದರೊಳಗೆ ತಳ್ಳಿಬಿಡುತ್ತಾರೆ. ಹೊರಗಿನಿಂದ ನೋಡಿದರೆ ಬ್ಯಾಲೆನ್ಸ್ ಶೀಟ್ ಸರಿಯಾಗಿಯೇ ಉಂಟು! ನಮ್ಮ ಪಂಚಾತಿಗೆಗಳು ಹೀಗೆ ಸಸ್ಪೆನ್ಸ್ ಅಕೌಂಟಿಗೆ ತಳ್ಳುವ ಕೆಲಸ. ಎರಡು ಪುಸ್ತಕವನ್ನು ಒಂದೇ ಮೇಜಿನ ಮೇಲೆ ತೆರೆದಿಡುವ ಧೈರ್ಯ ನಮಗಿಲ್ಲ.

ಆ ಧೈರ್ಯದ ಕೆಲಸಕ್ಕೆ ಈ ದೇಶದಲ್ಲಿ ‘ರೆಸ್ಟೋರೇಟಿವ್ ಜಸ್ಟಿಸ್’ ಅನ್ನುತ್ತಾರೆ. ನಾವು ‘ಸರಿಪಡಿಸುವ ನ್ಯಾಯ’ ಅನ್ನೋಣ. ಕೋರ್ಟು ಕೇಳುವುದು ಯಾವ ಕಾನೂನು ಮುರಿಯಿತು, ಯಾರು ಮುರಿದರು, ಶಿಕ್ಷೆ ಎಷ್ಟು ಎಂದು. ಇದು ಕೇಳುವುದು ಯಾರಿಗೆ ನೋವಾಯಿತು, ಅವರಿಗೆ ಈಗ ಏನು ಬೇಕು, ಅದನ್ನು ಸರಿಪಡಿಸುವ ಹೊಣೆ ಯಾರದು ಎಂದು. ಈ ಕಾಲದಲ್ಲಿ ಇದು ಶುರುವಾದ ಕತೆ ಸಣ್ಣದು. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಪಟ್ಟಣದಲ್ಲಿ ಇಬ್ಬರು ಹುಡುಗರು ಕುಡಿದು 22 ಕಡೆ ಆಸ್ತಿ ಹಾಳು ಮಾಡಿದರು. ಮಾರ್ಕ್ ಯಾಂಟ್ಸಿ ಎಂಬ ಪ್ರೊಬೇಷನ್ ಅಧಿಕಾರಿ, ಇವರು ಹಾನಿಯಾದವರನ್ನು ಒಬ್ಬೊಬ್ಬರಾಗಿ ಭೇಟಿಯಾಗಲಿ ಎಂದು ನ್ಯಾಯಾಧೀಶರಿಗೆ ಸೂಚಿಸಿದರು. ಹುಡುಗರು ಮನೆ ಮನೆ ಬಾಗಿಲಿಗೆ ಹೋಗಿ ‘ಮಾಡಿದ್ದು ನಾವೇ’ ಅಂದರು, ನಷ್ಟ ತುಂಬಿಕೊಟ್ಟರು. 1989ರಲ್ಲಿ ನ್ಯೂಝಿಲೆಂಡ್, ಮಾವೊರಿ ಜನರ ಪದ್ಧತಿಯಿಂದ ಕಲಿತು, ತಪ್ಪು ಮಾಡಿದ ಮಕ್ಕಳ ವಿಷಯದಲ್ಲಿ ಕುಟುಂಬದವರೆಲ್ಲ ಕೂತು ಮಾತಾಡುವ ಸಭೆಯನ್ನು ಕಾನೂನಿನೊಳಗೇ ತಂದಿತು. ಇದೆಲ್ಲ ಬಿಳಿಯರ ಹೊಸ ಫ್ಯಾಷನ್ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ನಾವಿರುವ ಈ ಮಿಡ್‌ಲ್ಯಾಂಡ್ಸ್‌ನಲ್ಲೇ ಒಂದು ಉದಾಹರಣೆ ಉಂಟು. 2011ರ ಬೇಸಿಗೆ, ನಾಟಿಂಗ್‌ಹ್ಯಾಮ್. ಟ್ರೆಂಟ್ ಬ್ರಿಜ್‌ನಲ್ಲಿ ಕ್ರಿಕೆಟ್ ನೋಡಲು ಬಂದಿದ್ದ ಜೇಮ್ಸ್ ಹಾಡ್ಜ್‌ಕಿನ್ಸನ್, ವಯಸ್ಸು 28, ಆಂಬುಲೆನ್ಸಿನ ಪ್ಯಾರಾಮೆಡಿಕ್ ಆಗಲು ತರಬೇತಿ ಪಡೆಯುತ್ತಿದ್ದವರು. ಜೇಕಬ್ ಡನ್ ಎಂಬ 19ರ ಹುಡುಗ ಅವರಿಗೆ ಒಂದು ಗುದ್ದು ಕೊಟ್ಟ. ಒಂದೇ ಗುದ್ದು. ಜೇಮ್ಸ್ ಬಿದ್ದರು, ಕೆಲವು ದಿನಗಳಲ್ಲಿ ತೀರಿಕೊಂಡರು. ಡನ್ ತಪ್ಪೊಪ್ಪಿಕೊಂಡ. 30 ತಿಂಗಳ ಶಿಕ್ಷೆಯಾಗಿ, 14 ತಿಂಗಳಿಗೆ ಹೊರಗೆ ಬಂದ.

ಕೋರ್ಟಿನ ಲೆಕ್ಕದಲ್ಲಿ ಅದು ಮುಗಿದ ಕೇಸು. ಆದರೆ ಹೆತ್ತವರಿಗೆ ಮುಗಿದಿರಲಿಲ್ಲ. ನಮ್ಮ ಮಗನಿಗೆ ಏಕೆ ಹೊಡೆದೆ? ಅವನು ನಿನಗೆ ಏನು ಮಾಡಿದ್ದ? ಇದಕ್ಕೆ ಉತ್ತರ ಕೊಡಬಲ್ಲವನು ಲೋಕದಲ್ಲಿ ಒಬ್ಬನೇ. ತಾಯಿ ಜೋನ್ ಸ್ಕೌರ್‌ಫೀಲ್ಡ್, ತಂದೆ ಡೇವಿಡ್ ಹಾಡ್ಜ್‌ಕಿನ್ಸನ್ ಇಬ್ಬರೂ ರೆಮಿಡಿ ಎಂಬ ಸಂಸ್ಥೆಯ ಮೂಲಕ ಆ ಪ್ರಶ್ನೆಗಳನ್ನು ಕಳಿಸಿದರು. ನೇರ ಭೇಟಿ ಮೊದಲ ದಿನವೇ ಅಲ್ಲ. ಮೊದಲು ಮಧ್ಯಸ್ಥರು ಆ ಕಡೆ ಈ ಕಡೆ ಹೋಗಿ ಪ್ರಶ್ನೆ ಉತ್ತರ ತಲುಪಿಸಿದರು. ಎರಡೂ ಕಡೆ ಸಿದ್ಧ ಎಂದಾದ ಮೇಲೆಯೇ ಒಂದು ಕೋಣೆ, ಕೆಲವು ಕುರ್ಚಿ. ಇನ್ನು ನಿನ್ನ ಬದುಕಿನಲ್ಲಿ ಏನು ಮಾಡುತ್ತೀ ಎಂಬ ಪ್ರಶ್ನೆಯೂ ಬಂತು. ಶಾಲೆ ಬಿಟ್ಟಿದ್ದ ಆ ಹುಡುಗ ಪರೀಕ್ಷೆ ಕಟ್ಟಿದ, ವಿಶ್ವವಿದ್ಯಾಲಯಕ್ಕೆ ಹೋದ. ಆಮೇಲೆ ತಾಯಿ ಜೋನ್ ಮತ್ತು ಅವನು ಒಂದೇ ವೇದಿಕೆಯಲ್ಲಿ ನಿಂತು ಈ ವಿಷಯ ಮಾತಾಡಿದರು. 2022ರಲ್ಲಿ ಅವನು ತನ್ನ ಕತೆಯನ್ನು ಪುಸ್ತಕ ಮಾಡಿದ. 2024ರಲ್ಲಿ ನಾಟಿಂಗ್‌ಹ್ಯಾಮ್ ಪ್ಲೇಹೌಸ್‌ನಲ್ಲಿ ಅದು ‘ಪಂಚ್’ ಎಂಬ ನಾಟಕವೂ ಆಯಿತು.

ಇಲ್ಲಿ ಒಂದು ಮಾತು ಸರಿಯಾಗಿ ಅರ್ಥಮಾಡಿಕೊಳ್ಳಿ. ಆ ತಾಯಿಗೆ ಯಾರೂ ‘ಕ್ಷಮಿಸಿಬಿಡಿ’ ಅನ್ನಲಿಲ್ಲ. ಕ್ಷಮೆ ಅಲ್ಲಿ ಪ್ರವೇಶ ಶುಲ್ಕವಲ್ಲ. ಅಲ್ಲಿಗೆ ಹೋದವರು ಕ್ಷಮಿಸದೆಯೂ ಎದ್ದು ಬರಬಹುದು. ಜೈಲೂ ತಪ್ಪಲಿಲ್ಲ, ಜೈಲು ಆಯಿತು, ಅದರ ಮೇಲೆ ಮಾತೂ ಆಯಿತು. ‘ಸುಲ್ಹ್ ಅಂದರೆ ಪೊಲೀಸಿಗೆ ಹೋಗದಿರುವುದು’ ಎಂದು ತಿಳಿದ ನಮ್ಮವರು ಇದನ್ನು ಎರಡು ಸಲ ಓದಬೇಕು.

ಇದು ಒಂದು ಕುಟುಂಬದ ಕತೆ, ಲೆಕ್ಕ ಎಲ್ಲಿ ಎಂದು ಕೇಳುವವರಿಗೆ ಲೆಕ್ಕವೂ ಉಂಟು. ಈ ದೇಶದ ನ್ಯಾಯ ಇಲಾಖೆಗಾಗಿ ಶೆಫೀಲ್ಡ್ ವಿಶ್ವವಿದ್ಯಾಲಯದ ಜೋನಾ ಶಾಪ್‌ಲ್ಯಾಂಡ್ ಮತ್ತು ಅವರ ತಂಡ ಇಂಥ ಮೂರು ಯೋಜನೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿತು. ಮುಖಾಮುಖಿ ಸಭೆಗೆ ಹೋದ ನೊಂದವರಲ್ಲಿ 85% ಮಂದಿ ತೃಪ್ತಿಯಾಯಿತು ಅಂದರು. ತಪ್ಪಿತಸ್ಥರು ಮತ್ತೆ ಅಪರಾಧ ಮಾಡುವ ಪ್ರಮಾಣ 14% ಕಡಿಮೆಯಾಯಿತು ಎಂದು 2008ರ ವರದಿ ಹೇಳಿತು. 14 ಎಂಬುದು ಪವಾಡವಲ್ಲ ಎಂದು ನಮಗೂ ಗೊತ್ತುಂಟು. ಆದರೆ ನಮ್ಮ ಮಸ್ಲಹತ್‌ಗಳ ಲೆಕ್ಕ ಯಾರಾದರೂ ಇಟ್ಟಿದ್ದಾರಾ? ಎಷ್ಟು ಜನ ತೃಪ್ತರಾದರು, ಎಷ್ಟು ಜನ ಜಮಾಅತಿಗೇ ಬೆನ್ನು ಹಾಕಿದರು ಎಂದು ಒಂದು ಸಾಲಾದರೂ ಬರೆದಿಟ್ಟಿದ್ದೇವಾ?

ಈಗ ಎದುರು ವಾದಗಳಿಗೆ ಬರೋಣ.

‘ನಮಗೆ ಇದನ್ನು ಇವರು ಕಲಿಸಬೇಕಾ? ನಮ್ಮ ದೀನಿನಲ್ಲಿ ಮೊದಲೇ ಉಂಟಲ್ಲ?’ ಹೌದು, ಉಂಟು. ಆದರೆ ದೀನಿನಲ್ಲಿ ಇರುವುದು ಬೇರೆ, ನಾವು ಮಾಡುವುದು ಬೇರೆ. ಹಕ್ಕುಲ್ ಇಬಾದ್, ಅಂದರೆ ಮನುಷ್ಯರಿಗೆ ಮನುಷ್ಯರು ಕೊಡಬೇಕಾದ ಹಕ್ಕು. ಅದರಲ್ಲಿ ಕ್ಷಮಿಸುವ ಅಧಿಕಾರ ನೊಂದವನದ್ದು, ಸಮಿತಿಯದ್ದಲ್ಲ ಎಂದು ಮದ್ರಸದಲ್ಲಿ ಕಲಿತದ್ದು ನೆನಪಿಲ್ಲವೇ? ಕೋಝಿಕ್ಕೋಡಿನ ಅಬ್ದುಲ್ ರಹೀಂ ಅವರ ವಿಷಯ ನಿಮಗೆಲ್ಲ ಗೊತ್ತು. 2006ರಲ್ಲಿ ರಿಯಾದ್‌ನಲ್ಲಿ ಅವರು ನೋಡಿಕೊಳ್ಳುತ್ತಿದ್ದ ಅಂಗವಿಕಲ ಬಾಲಕ ತೀರಿಕೊಂಡ, ರಹೀಂ ಅವರಿಗೆ ಮರಣದಂಡನೆಯಾಯಿತು. 2024ರ ಏಪ್ರಿಲ್‌ನಲ್ಲಿ ದಿಯಾಕ್ಕೆಂದು 34 ಕೋಟಿ ರೂಪಾಯಿ ಒಟ್ಟಾಯಿತು. ಲೋಕದ ಮೂಲೆ ಮೂಲೆಯಿಂದ ಹಣ ಬಂತು. ಆದರೆ ಅಷ್ಟೂ ಹಣ ಸೇರಿದರೂ, ಆ ಮಗುವಿನ ಮನೆಯವರು ‘ಒಪ್ಪಿದ್ದೇವೆ’ ಅನ್ನದೆ ಒಂದು ಹೆಜ್ಜೆ ಮುಂದೆ ಹೋಗುವಂತಿರಲಿಲ್ಲ. 34 ಕೋಟಿಗೂ ಇಲ್ಲದ ಅಧಿಕಾರ ಸ್ಪಾರ್ಕ್‌ಹಿಲ್‌ನ ಸಮೋಸಕ್ಕೆ ಎಲ್ಲಿಂದ ಬಂತು ಮಾರಾಯ್ರೆ?

ಹಜ್ಜ್‌ಗೆ ಹೊರಡುವವರು ಮನೆ ಮನೆಗೆ ಹೋಗಿ ಪೊರುತ್ತ ಕೇಳುವುದು ನಮ್ಮಲ್ಲಿ ಒಳ್ಳೆಯ ಕ್ರಮ. ‘ನನ್ನಿಂದ ಏನಾದರೂ ತಪ್ಪಾಗಿದ್ದರೆ ಪೊರುತ್ತಪಡಿ’ ಅನ್ನುತ್ತಾರೆ. ನಾವೂ ‘ಏನಿಲ್ಲ, ಏನಿಲ್ಲ’ ಎಂದು ಕೈ ಹಿಡಿಯುತ್ತೇವೆ. ಆದರೆ ಆ ‘ಏನಾದರೂ’ ಅನ್ನುವ ಮಾತಿನೊಳಗೆ ಎಷ್ಟೋ ಅಡಗಿ ಕೂರುತ್ತದೆ. ತಮ್ಮನ ಪಾಲಿನ ಜಾಗ ಬರೆಸಿಕೊಂಡವರೂ ‘ಏನಾದರೂ’ ಅನ್ನುತ್ತಾರೆ, ದಾರಿಯಲ್ಲಿ ಸಲಾಂ ಹೇಳಲು ಮರೆತವರೂ ‘ಏನಾದರೂ’ ಅನ್ನುತ್ತಾರೆ. ಸರಿಪಡಿಸುವ ನ್ಯಾಯದಲ್ಲಿ ‘ಏನಾದರೂ’ ನಡೆಯುವುದಿಲ್ಲ. ಇಂಥ ದಿನ, ಇಂಥ ಕೆಲಸ ಮಾಡಿದೆ, ಅದರಿಂದ ನಿನಗೆ ಹೀಗಾಯಿತು ಎಂದು ಬಾಯಿ ಬಿಟ್ಟು ಹೇಳಬೇಕು. ಇನ್‌ವಾಯ್ಸ್‌ನಲ್ಲಿ ‘ಇತರೆ’ ಎಂದು ಒಂದೇ ಸಾಲು ಬರೆದರೆ ಯಾವ ಆಡಿಟರ್ ಒಪ್ಪುತ್ತಾನೆ?

ಎರಡನೆಯ ವಾದ ನಮ್ಮ ಯುವಕರದ್ದು. ‘ಯಾರ ಜೊತೆ ಮಾತು? 2024ರ ಬೇಸಿಗೆ ಮರೆತು ಹೋಯಿತಾ?’ ಮರೆತಿಲ್ಲ. ಸೌತ್‌ಪೋರ್ಟ್‌ನಲ್ಲಿ ಮಸೀದಿಗೆ ಕಲ್ಲು ಬಿತ್ತು. ರಾದರ್‌ಹ್ಯಾಮ್‌ನಲ್ಲಿ ಆಶ್ರಯ ಕೇಳಿ ಬಂದವರಿದ್ದ ಹೋಟೆಲಿಗೆ ಬೆಂಕಿ ಇಡಲು ನೋಡಿದರು. ಆ ವಾರ ನಮ್ಮ ಹೆಂಗಸರು ಬಸ್ಸಿಗೆ ನಿಲ್ಲಲು ಹೆದರಿದರು, ರಾತ್ರಿ ಶಿಫ್ಟ್ ಮುಗಿಸಿದವರು ಗುಂಪಾಗಿ ಮನೆಗೆ ಬಂದರು. ಬೆಂಕಿ ಇಟ್ಟವರಿಗೆ ಜೈಲಾಯಿತು, ಆಗಲೇಬೇಕಿತ್ತು. ಆದರೆ ಅದೇ ದಿನಗಳಲ್ಲಿ ಲಿವರ್‌ಪೂಲಿನ ಅಬ್ದುಲ್ಲಾ ಕ್ವಿಲಿಯಂ ಮಸೀದಿಯ ಎದುರು ಸೇರಿದ್ದ ಪ್ರತಿಭಟನಾಕಾರರ ಹತ್ತಿರ ಇಮಾಂ ಆಡಂ ಕೆಲ್ವಿಕ್ ಊಟ ಹಿಡಿದುಕೊಂಡು ಹೋದರು, ಮಾತಾಡಿಸಿದರು. ಅವರಲ್ಲಿ ಒಬ್ಬನನ್ನು ಅಪ್ಪಿಕೊಂಡ ಚಿತ್ರ ಎಲ್ಲರ ಫೋನಿನಲ್ಲೂ ಬಂತು. ಅದಕ್ಕೂ ಹನ್ನೊಂದು ವರ್ಷ ಮೊದಲು, 2013ರ ಮೇ ತಿಂಗಳಲ್ಲಿ, ಲೀಡ್ಸ್ ಪಕ್ಕದ ಯಾರ್ಕ್‌ನಲ್ಲಿ ಇಡಿಎಲ್‌ನವರು ಮಸೀದಿಯ ಎದುರು ಪ್ರತಿಭಟನೆಗೆ ಬರುತ್ತಾರೆ ಎಂದಾಗ ಮಸೀದಿಯವರು ಚಾ ಮತ್ತು ಬಿಸ್ಕತ್ತು ಇಟ್ಟು ಕಾದರು. ಬಂದದ್ದು ಬೆರಳೆಣಿಕೆಯ ಮಂದಿ. ಕೆಲವರು ಒಳಗೆ ಬಂದು ಚಾ ಕುಡಿದರು. ಆಮೇಲೆ ಫುಟ್‌ಬಾಲ್ ಆಡಿದರು.

ಚಾ ಕೊಟ್ಟ ಮಾತ್ರಕ್ಕೆ ದ್ವೇಷ ಕರಗಿ ಹೋಗುತ್ತದೆಂದು ನಾವು ಹೇಳುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇವೆ: ಕಲ್ಲು ಹಿಡಿದು ಬಂದವನ ಎದುರು ನಿಂತು ‘ನಿನ್ನ ಸಿಟ್ಟು ಎಂತದ್ದು, ಹೇಳು’ ಅನ್ನುವ ಧೈರ್ಯ ನಮ್ಮ ಸಮುದಾಯಕ್ಕೆ ಉಂಟು ಎಂದಾದರೆ, ಸ್ವಂತ ಊರಿನ ಹುಡುಗನ ಎದುರು ಕೂತು ‘ನಿನ್ನ ನೋವು ಎಂತದ್ದು, ಹೇಳು ಮೋನೆ’ ಅನ್ನಲು ನಾವು ಹೆದರುವುದೇಕೆ? ಹೊರಗಿನವರಿಗೆ ಚಾ, ಒಳಗಿನವರಿಗೆ ‘ಸುಮ್ಮನಿರು’?

ಮೂರನೆಯ ಮಾತು ಪಿಸುಗುಟ್ಟುವ ಮಾತು. ‘ಇದೆಲ್ಲ ಹೊರಗೆ ಹೋದರೆ ಮರ್ಯಾದೆ ಏನಾಗುತ್ತದೆ? ಹುಡುಗನ ವೀಸಾ ಏನಾಗುತ್ತದೆ?’ ವೀಸಾದ ಭಯ ಸುಳ್ಳಲ್ಲ. ಆ ಭಯವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಆ ಭಯ ಯಾರಿಗೆ ಅನುಕೂಲವಾಯಿತು ನೋಡಿ. ಹುಡುಗನ ವೀಸಾ ಹೆಸರು ಹೇಳಿ ಉಳಿದದ್ದು ಮಧ್ಯವರ್ತಿಯ ಮರ್ಯಾದೆ.

ಇದಕ್ಕೇ ಮಾತಿನ ಮಿತಿಯನ್ನೂ ಹೇಳಬೇಕು. ಎಲ್ಲವನ್ನೂ ಕೂತು ಮಾತಾಡಿ ಬಗೆಹರಿಸಬಹುದು ಎಂದು ನಾವು ಹೇಳುತ್ತಿಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು ದುಡಿಸುವ ಮಾಲೀಕನ ಜೊತೆ ಯಾವ ಸಂವಾದ? ಅದು ಪೊಲೀಸರಿಗೆ ಹೋಗಬೇಕಾದ ವಿಷಯ. ಸಂಬಳ ಕೊಡದಿದ್ದರೆ ಏಕಾಸ್ ಉಂಟು. ಟ್ರಿಬ್ಯೂನಲ್‌ಗೆ ಹೋಗುವ ಮೊದಲು ಅಲ್ಲಿ ತಿಳಿಸಲೇಬೇಕು, ಅದಕ್ಕೆ ದಿನದ ಗಡುವೂ ಉಂಟು. ‘ಮೊದಲು ನಮ್ಮೊಳಗೆ ಮಾತಾಡುವ’ ಎಂದು ತಿಂಗಳು ತಳ್ಳಿ ಆ ಗಡುವು ಕಳೆಯುವಂತೆ ಮಾಡುವುದು ದೊಡ್ಡ ಅನ್ಯಾಯ. ಮನೆಯೊಳಗೆ ಹೊಡೆತ ತಿನ್ನುವ ಹೆಣ್ಣುಮಗಳನ್ನು ಗಂಡನ ಎದುರು ಕೂರಿಸಿ ‘ಹೊಂದಿಕೊಂಡು ಹೋಗು’ ಅನ್ನುವುದು ಸುಲ್ಹ್ ಅಲ್ಲ, ಅವಳನ್ನು ಮತ್ತೆ ಹೊಡೆತಕ್ಕೆ ಒಪ್ಪಿಸುವುದು. ಬಲ ಒಂದೇ ಕಡೆ ಇರುವ ಕೋಣೆಯಲ್ಲಿ ಮಾತೂ ಬಲ ಇದ್ದವನದ್ದೇ ಆಗುತ್ತದೆ. ನಮ್ಮ ಸ್ಪಾರ್ಕ್‌ಹಿಲ್ ಸಭೆಯಲ್ಲಿ ಆದದ್ದೂ ಅದೇ: ಎಂಟು ಮಂದಿ ಹಿರಿಯರು, ಕಾರಿನಲ್ಲಿ ಬಂದ ಮಧ್ಯವರ್ತಿ, ಬಾಡಿಗೆ ಬಾಕಿ ಇದ್ದ ಒಬ್ಬ ಹುಡುಗ. ಅವನ ‘ಹೂಂ’ಗೆ ಎಷ್ಟು ಬೆಲೆ?

ಪೊಲೀಸರಿಗೆ ದೂರು ಹೋದ ವಿಷಯದಲ್ಲೂ ಸರಿಪಡಿಸುವ ನ್ಯಾಯದ ದಾರಿ ಉಂಟೆಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಈ ದಾರಿಯ ಬಗ್ಗೆ ನೊಂದವರಿಗೆ ತಿಳಿಸಬೇಕು ಎಂದು ಇಲ್ಲಿಯ ‘ವಿಕ್ಟಿಮ್ಸ್ ಕೋಡ್’ ಹೇಳುತ್ತದೆ. 2013ರ ಕಾನೂನು ಇದಕ್ಕಾಗಿ ಶಿಕ್ಷೆ ವಿಧಿಸುವುದನ್ನು ಸ್ವಲ್ಪ ಮುಂದೂಡಲು ಕೋರ್ಟಿಗೆ ಅಧಿಕಾರ ಕೊಟ್ಟಿದೆ. ಇಂಥ ಸೇವೆಗೆ ಹಣ ಕೊಡುವುದು ಆಯಾ ಪ್ರದೇಶದ ಪೊಲೀಸ್ ಮತ್ತು ಕ್ರೈಂ ಕಮಿಷನರ್. ಗ್ರೇಟರ್ ಮಾಂಚೆಸ್ಟರ್, ವೆಸ್ಟ್ ಯಾರ್ಕ್‌ಶೈರ್‌ಗಳಲ್ಲಿ ಆ ಅಧಿಕಾರ ಮೇಯರ್ ಕೈಯಲ್ಲಿ ಉಂಟು. ಎರಡೂ ಕಡೆಯವರು ಒಪ್ಪಿದರೆ ಮಾತ್ರ ನಡೆಯುತ್ತದೆ, ಮಧ್ಯದಲ್ಲಿ ಬೇಡ ಅನಿಸಿದರೆ ಎದ್ದು ಬರಬಹುದು. ಕೇಳಿ ನೋಡಿ. 

ಮತ್ತು ನಮ್ಮ ಸಂಘಕ್ಕೆ ನಮ್ಮ ಬೇಡಿಕೆ. ಇನ್ನು ಮುಂದೆ ಸಂಘದ ಹೆಸರಿನಲ್ಲಿ ಯಾವ ಪಂಚಾತಿಗೆ ನಡೆದರೂ, ಅದರ ಮೊದಲು ಎರಡೂ ಕಡೆಯವರನ್ನು ಬೇರೆ ಬೇರೆಯಾಗಿ ಕಂಡು ಮಾತಾಡಬೇಕು. ಬೇಡ ಅನ್ನುವ ಹಕ್ಕು ಇಬ್ಬರಿಗೂ ಇರಬೇಕು. ಸಭೆಯಲ್ಲಿ ಮೊದಲು ಮಾತಾಡುವವರು ನೊಂದವರು. ಅವರು ನಿಲ್ಲಿಸುವ ತನಕ ಯಾವ ಹಾಜಿಯವರೂ ಬಾಯಿ ಹಾಕಬಾರದು. ಅವರ ಜೊತೆ ಅವರಿಗೆ ಬೇಕಾದ ಒಬ್ಬರು ಕೂರಲಿ. ತಪ್ಪಿತಸ್ಥನ ಸಂಬಂಧಿ, ಪಾಲುದಾರ, ಅವನಿಂದ ಚಂದಾ ಪಡೆದವರು ಮಧ್ಯಸ್ಥರಾಗಬಾರದು. ತಪ್ಪನ್ನು ಹೆಸರಿಟ್ಟು ಹೇಳಬೇಕು, ಒಪ್ಪಂದ ಕಾಗದದಲ್ಲಿ ಇರಬೇಕು, ಮೂರು ತಿಂಗಳ ನಂತರ ಏನಾಯಿತೆಂದು ಮತ್ತೆ ಕೂತು ನೋಡಬೇಕು. ಹೊಡೆತ, ಬೆದರಿಕೆ, ಹೆಂಗಸರ ಮತ್ತು ಮಕ್ಕಳ ಸುರಕ್ಷತೆಯ ವಿಷಯವನ್ನು ಸಂಘ ಮುಟ್ಟಲೇಬಾರದು, ದಾರಿ ತೋರಿಸಿ ಜೊತೆಗೆ ಹೋಗಬೇಕು. ಈ ಕೆಲಸಕ್ಕೆ ತರಬೇತಿ ಸಿಗುತ್ತದೆ. ಅದರ ಗುಣಮಟ್ಟ ನೋಡಿಕೊಳ್ಳಲು ರೆಸ್ಟೋರೇಟಿವ್ ಜಸ್ಟಿಸ್ ಕೌನ್ಸಿಲ್ ಎಂಬ ಸಂಸ್ಥೆಯೇ ಈ ದೇಶದಲ್ಲಿ ಉಂಟು. ವಾರ್ಷಿಕ ಸಮಾರಂಭದ ಒಂದು ಹೊತ್ತಿನ ಬಿರಿಯಾನಿಯ ಖರ್ಚಿನಲ್ಲಿ ಸ್ವಲ್ಪ ಉಳಿಸಿ ನಮ್ಮವರಲ್ಲಿ ಇಬ್ಬರನ್ನು, ಅದರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ, ಕಲಿಯಲು ಕಳಿಸೋಣ.

ಕೊನೆಗೆ ಆ ಹುಡುಗನ ವಿಷಯ. ಮೊನ್ನೆ ನಾವು ಅವನ ಕೋಣೆಗೆ ಹೋಗಿದ್ದೆವು. ಬಾಕಿ ಕಂತಿನ ಬಗ್ಗೆ ಮಾತಾಡುತ್ತಾನೆ ಅಂದುಕೊಂಡಿದ್ದೆವು. ಅವನು ಅದನ್ನು ಎತ್ತಲೇ ಇಲ್ಲ. ‘ದುಡ್ಡು ಹೋದದ್ದು ಹೋಯಿತು. ಅವರು ನಮ್ಮ ಮನೆಗೆ ಬಂದಿದ್ದರು, ಉಮ್ಮ ಊಟ ಹಾಕಿದ್ದರು. ಉಮ್ಮನ ಬಳೆ ಅಡವಿಟ್ಟ ದುಡ್ಡು ಅದು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ತೆಗೆದುಕೊಳ್ಳಲು ಹೇಗೆ ಮನಸ್ಸು ಬಂತು ಎಂದು ಅವರ ಮುಖ ನೋಡಿ ಕೇಳಬೇಕಿತ್ತು. ಆ ದಿನ ನೀವು ಯಾರೂ ನನಗೆ ಕೇಳಲಿಕ್ಕೆ ಬಿಡಲಿಲ್ಲ’ ಅಂದ.

ಅವನು ‘ಅವರು’ ಅನ್ನಲಿಲ್ಲ, ‘ನೀವು’ ಅಂದ. ನಾವು ಉತ್ತರ ಕೊಡಲಿಲ್ಲ, ಕೊಡಲು ಇರಲಿಲ್ಲ. ಕಂತಿನ ಪಟ್ಟಿ ಬರೆದ ಕೈ ನಮ್ಮದೇ.

ಇನ್ಶಾ ಅಲ್ಲಾಹ್, ಅವನು ಒಪ್ಪಿದರೆ ಆ ಸಭೆಯನ್ನು ಮತ್ತೊಮ್ಮೆ ಕರೆಯುತ್ತೇವೆ. ಮಧ್ಯವರ್ತಿ ಬರುತ್ತಾರೋ ಇಲ್ಲವೋ, ಬಾರದಿದ್ದರೆ ದೂರು ಕೊಡಲು ಅವನ ಜೊತೆ ನಾವೇ ಹೋಗುತ್ತೇವೆ. ಆದರೆ ಮೊದಲು ನಾವು ಎಂಟು ಮಂದಿ ಅವನ ಎದುರು ಕೂರಬೇಕು. ಈ ಸಲ ‘ಏನಾದರೂ ತಪ್ಪಾಗಿದ್ದರೆ’ ಎಂದು ಹೇಳುವುದಿಲ್ಲ. ಮಾಡಿದ ತಪ್ಪಿನ ಹೆಸರು ಹೇಳಿಯೇ ಪೊರುತ್ತ ಕೇಳುತ್ತೇವೆ. ಕೊಡುವುದು, ಬಿಡುವುದು ಅವನಿಗೆ ಸೇರಿದ್ದು.